ಹಿಮ್ಮೇಳದ ಜಾಗ

ಹೋದ ಶ್ರಾವಣದಲ್ಲಿ ಒಂದು ಸಂಜೆ ಹಾಸ್ಟೆಲಿನ ಕೋಣೆಯಲ್ಲಿ ಕೂತು ಪ್ರಬಂಧದ ಮೂರನೇ ಅಧ್ಯಾಯ ತಿದ್ದುತ್ತಿದ್ದೆ. ಪಕ್ಕದ ಸಣ್ಣ ಸ್ಪೀಕರಿನಲ್ಲಿ ರಘು ದೀಕ್ಷಿತ್ ಹಾಡುತ್ತಿದ್ದರು. ಚಾರ್ಜರ್ ಕೇಳಲು ಬಂದ ಎಂ.ಎ. ಮೊದಲ ವರ್ಷದ ಹುಡುಗನೊಬ್ಬ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಬಹಳ ಗೌರವದಿಂದಲೇ, "ಸರ್, ನೀವು ಹಳೇ ಹಾಡು ಭಾಳ ಕೇಳ್ತೀರಲ್ರೀ. ನಮ್ಮ ಮಾಮಾನೂ ಇವೇ ಹಾಡು ಕೇಳ್ತಾನ" ಅಂದ.

ಅವನು ಚಾರ್ಜರ್ ಹಿಡಿದು ಹೋದ ಮೇಲೆ ನಾನು ಎದ್ದು ಹಾಡು ನಿಲ್ಲಿಸಿದೆ. ಆ ಹಾಡಿರುವ ಆಲ್ಬಮ್ ಬಂದದ್ದು 2008ರಲ್ಲಿ. ಈ ಹುಡುಗ ಆಗ ಅಂಗನವಾಡಿಗೆ ಹೋಗುತ್ತಿದ್ದಿರಬೇಕು. ಲೆಕ್ಕ ಹಾಕಿದರೆ ಅವನದೇನೂ ತಪ್ಪಿಲ್ಲ, ಹದಿನೇಳು ವರ್ಷದ ಹಿಂದಿನ ಹಾಡು ಹಳೆಯದೇ. ನಾನು ಪಿಯುಸಿಯಲ್ಲಿದ್ದಾಗ ಅಷ್ಟೇ ಹಳೆಯದಾಗಿದ್ದ ಹಂಸಲೇಖರ ಹಾಡುಗಳನ್ನು ನಾವು ಅಪ್ಪಂದಿರ ಕಾಲದ್ದು ಎನ್ನುತ್ತಿದ್ದೆವು. ಆದರೆ ಈ ಲೆಕ್ಕ ನನ್ನ ಮೇಲೆ ಬಂದು ನಿಲ್ಲುತ್ತದೆಂದು ನಾನು ಎಣಿಸಿರಲಿಲ್ಲ. ನನಗೀಗ ಇಪ್ಪತ್ತೊಂಬತ್ತು. ನನ್ನ ತಲೆಯಲ್ಲಿ ಅದು ಇನ್ನೂ ಹೊಸ ಸಂಗೀತ, ಯಾರಿಗೂ ಗೊತ್ತಿಲ್ಲದ, ನಾವು ನಾಲ್ವರು ಮಾತ್ರ ಕಂಡುಕೊಂಡ ಸಂಗೀತ.

ನಮ್ಮೂರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದ ಕಡೆಗೆ ಹೋಗುವ ಹೆದ್ದಾರಿಯ ಮೇಲೆ, ಬಸ್ಸಿನಲ್ಲಿ ಸುಮಾರು ಒಂದು ತಾಸಿನ ದಾರಿ. ಕೆಂಪು ಬಾಳೆಹಣ್ಣಿನಿಂದ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಸೂಚಿಯ ಮನ್ನಣೆಯೂ ಸಿಕ್ಕಿದೆ. ಈಗ ತಾಲ್ಲೂಕು ಕೇಂದ್ರ. 2012ರಲ್ಲಿ ನಾನು ಪಿಯುಸಿ ಓದಲು ಕಲಬುರಗಿಗೆ ಬಂದಾಗ ಎರಡೂ ಹೆಸರುಗಳಿಗೆ ಈಗಿನ ಮರ್ಯಾದೆ ಇರಲಿಲ್ಲ. ಕಮಲಾಪುರ ಕಲಬುರಗಿ ತಾಲ್ಲೂಕಿನದೊಂದು ದೊಡ್ಡ ಹಳ್ಳಿಯಾಗಿತ್ತು, ಕಲಬುರಗಿ ಇನ್ನೂ ಕಾಗದದ ಮೇಲೆ ಗುಲಬರ್ಗಾ ಆಗಿತ್ತು.

ಆಗ ಹಾಡು ಕೇಳುವುದೆಂದರೆ ಮೆಮೊರಿ ಕಾರ್ಡು. ಸೂಪರ್ ಮಾರ್ಕೆಟ್ಟಿನ ಹತ್ತಿರ ಒಂದು ಮೊಬೈಲ್ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿ ಕೊಟ್ಟರೆ ಕಾರ್ಡು ತುಂಬ ಹಾಡು ಹಾಕಿಕೊಡುತ್ತಿದ್ದರು. ಯಾವ ಹಾಡು ಬೇಕೆಂದು ಕೇಳುವ ಪುರುಸೊತ್ತು ಆ ಅಂಗಡಿಯವನಿಗೆ ಇರುತ್ತಿರಲಿಲ್ಲ. ಒಂದು ಫೋಲ್ಡರ್ ಎತ್ತಿ ಇದರೊಳಗೆ ಹಾಕುವನು. ಹಾಗೆ ಬಂದ ಒಂದು ಫೋಲ್ಡರಿನಲ್ಲಿ, ಡಾನ್ಸ್ ಹಾಡುಗಳ ನಡುವೆ, ಶಿಶುನಾಳ ಶರೀಫರ ಎರಡು ಪದಗಳಿದ್ದವು. ಆದರೆ ಹಾಡುವ ದನಿ ಬೇರೆ, ಹಿಂದೆ ಗಿಟಾರ್, ಡ್ರಮ್ಸ್, ಪಿಟೀಲು. ರಾತ್ರಿ ಹಾಸಿಗೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿದವನು ಎದ್ದು ಕೂತೆ.

ಶರೀಫರ ಪದ ನನಗೆ ಹೊಸದಲ್ಲ. ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಊರಿನ ಭಜನಾ ಮಂಡಳಿಯಲ್ಲಿ ಮುಂದೆ ಕೂತು ಹಾಡುವವರು. ಕಡಕೋಳ ಮಡಿವಾಳಪ್ಪನವರ ಪದ, ಖೈನೂರು ಕೃಷ್ಣಪ್ಪನವರ ಪದ, ಚೆನ್ನೂರು ಜಲಾಲಸಾಬರ ಪದ, ನಡುವೆ ಶರೀಫರದ್ದು ಒಂದೆರಡು. ಪೇಟಿ, ತಬಲಾ, ದಮಡಿ, ತಾಳ, ಏಕತಾರಿ. ಅಮಾಸಿಗೊಮ್ಮೆ ರಾತ್ರಿ ಊಟ ಮುಗಿಸಿ ಶುರುಮಾಡಿದರೆ ಕೋಳಿ ಕೂಗುವ ತನಕ. ನಾನು ಸಣ್ಣವನಿದ್ದಾಗ ಕಾಕಾನ ತೊಡೆಯ ಮೇಲೆ ಮಲಗಿ ಆ ಪದಗಳಲ್ಲೇ ನಿದ್ದೆ ಹೋದವನು. ಆದ್ದರಿಂದಲೇ ಅವು ನನಗೆ ನಿದ್ದೆಯ ಹಾಡು, ಮುದುಕರ ಹಾಡು ಆಗಿದ್ದವು. ಈಗ ಅದೇ ಪದ ನನ್ನ ವಯಸ್ಸಿನ ಬಟ್ಟೆ ಹಾಕಿಕೊಂಡು ಬಂದಿತ್ತು.

ಆಮೇಲೆ ಹುಡುಕಾಟ ಶುರುವಾಯಿತು. ಸೈಬರ್ ಕೆಫೆಯಲ್ಲಿ ತಾಸಿಗೆ ಇಷ್ಟೆಂದು ಕೊಟ್ಟು ವಿಡಿಯೋ ನೋಡಿದೆವು. ಬಣ್ಣದ ಲುಂಗಿ, ಕಾಲಲ್ಲಿ ಗೆಜ್ಜೆ ಕಟ್ಟಿಕೊಂಡು ಗಿಟಾರ್ ಹಿಡಿದ ಮನುಷ್ಯ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ್ದನ್ನು ನೋಡಿದಾಗ ನಮ್ಮೂರಿನವರೇ ಯಾರೋ ಲಂಡನ್ನಿಗೆ ಹೋಗಿ ಬಂದಷ್ಟು ಖುಷಿಯಾಯಿತು. ಅಲ್ಲಿಂದ ಸ್ವರಾತ್ಮ, ಅಲ್ಲಿಂದ ಇಂಡಿಯನ್ ಓಷನ್. ಕಲಬುರಗಿಯಂಥ ಊರಿನಲ್ಲಿ ಈ ಸಂಗೀತಕ್ಕೆ ಜಾಗವೇ ಇರಲಿಲ್ಲ. ಬಂದೇನವಾಜ ದರ್ಗಾದ ಉರುಸಿಗೆ ಕವ್ವಾಲಿ ಇತ್ತು, ಶರಣಬಸವೇಶ್ವರ ಜಾತ್ರೆಗೆ ಭಜನೆ ಇತ್ತು, ರಂಗಮಂದಿರದಲ್ಲಿ ಹಿಂದೂಸ್ತಾನಿ ಗಾಯನ, ಮದುವೆಗೆ ಆರ್ಕೆಸ್ಟ್ರಾ, ಮೆರವಣಿಗೆಗೆ ಡಿಜೆ. ನಮ್ಮದು ಇವು ಯಾವುದೂ ಅಲ್ಲ. ಅದೇ ನಮಗೆ ಹೆಮ್ಮೆ. ಹುಮನಾಬಾದ ಬೇಸ್ ಹತ್ತಿರದ ಒಂದು ಬಾಡಿಗೆ ಮನೆಯ ಮಾಳಿಗೆಯ ಕೋಣೆಯಲ್ಲಿ ನಾವು ನಾಲ್ವರು ಸೇರುತ್ತಿದ್ದೆವು. ಒಂದು ಗಿಟಾರ್, ಒಂದು ಡೋಲಕ್, ತಲೆಕೆಳಗಾದ ಒಂದು ಪ್ಲಾಸ್ಟಿಕ್ ಬಕೆಟ್, ಮತ್ತು ನನ್ನ ದನಿ. ತಂಡಕ್ಕೆ ಏನು ಹೆಸರಿಡಬೇಕೆಂದು ಮೂರು ತಿಂಗಳು ಜಗಳವಾಡಿದೆವು, ಕೊನೆಗೂ ಹೆಸರಿಡಲಿಲ್ಲ. ಕಾಲೇಜಿನ ಗ್ಯಾದರಿಂಗಿನಲ್ಲಿ ಎರಡು ಸಲ ಹಾಡಿದೆವು. ಒಂದು ಸಲ ಮೈಕು ಕೈಕೊಟ್ಟಿತು, ಇನ್ನೊಂದು ಸಲ ಜನ ಸಿನಿಮಾ ಹಾಡು ಹಾಡ್ರೆಂದು ಕೂಗಿದರು. ಎರಡೂ ಸಲ ನಾವು ಗೆದ್ದವರಂತೆ ಇಳಿದು ಬಂದೆವು. ಜನಕ್ಕೆ ತಿಳಿಯಲಿಲ್ಲ ಎಂಬುದೇ ನಮ್ಮ ಸಂಗೀತ ದೊಡ್ಡದೆನ್ನಲು ಸಾಕ್ಷಿಯಾಗಿತ್ತು.

2013ರ ಎಳ್ಳಮಾಸಿ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಂಡು ಎಲ್ಲರೂ ಮರದ ನೆರಳಿಗೆ ಒರಗಿದ್ದರು. ನಾನು ಫೋನಿನ ಸ್ಪೀಕರಿನಲ್ಲಿ ಆ ಶರೀಫರ ಪದ ಹಚ್ಚಿ ಕಾಕಾನ ಮುಂದೆ ಇಟ್ಟೆ. ಅವರು ಮೆಚ್ಚುತ್ತಾರೆಂದೇ ನನ್ನ ಎಣಿಕೆ. ಕಾಕಾ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಅಂದರು:

"ಇದು ಹಾಡಲ್ಲ ತಮ್ಮಾ, ಗದ್ಲ. ಉಸಿರಿಗೆ ಜಾಗನೇ ಇಲ್ಲ ಇದ್ರಾಗ. ಪದ ನಿಲ್ಲೋ ಕಡೆ ನಿಂದ್ರಬೇಕಲ್ಲ?"

"ನಿಮ್ಮಂಗ ಬೆಳತನಕ ಎಳೆದರೆ ಯಾರು ಕೇಳ್ತಾರ ಕಾಕಾ? ಮುದುಕರೇ ಕೇಳಬೇಕು" ಎಂದೆ ನಾನು.

ಅಪ್ಪ ಬೈದರು. ಕಾಕಾ ಬೈಯಲಿಲ್ಲ, ಟವೆಲ್ ಕೊಡವಿ ಎದ್ದು ಹೋದರು. ಅವತ್ತು ರಾತ್ರಿಯ ಭಜನೆಗೆ ನಾನು ಹೋಗಲಿಲ್ಲ. ಅದರ ಮುಂದಿನ ಅಮಾಸಿಗೂ ಹೋಗಲಿಲ್ಲ. ಹಾಗೆ ಬಿಟ್ಟದ್ದು ಬಿಟ್ಟೇಹೋಯಿತು. ಸುಮಾರು ಹನ್ನೆರಡು ವರ್ಷ.

ಇದರಲ್ಲಿ ನಗು ಬರುವಂಥದ್ದೊಂದಿದೆ. ಎಂ.ಎ. ಮುಗಿಸಿ ನಾನು ಸಂಶೋಧನೆಗೆ ಆರಿಸಿಕೊಂಡ ವಿಷಯ ಕಲಬುರಗಿ ಸೀಮೆಯ ತತ್ವಪದಗಳು. ಗ್ರಂಥಾಲಯದಲ್ಲಿ ಕೂತು ಸಂಪುಟಗಳನ್ನು ಓದಿದೆ. ಮಡಿವಾಳಪ್ಪನವರ ಶಿಷ್ಯರಲ್ಲಿ ಎಷ್ಟು ಜಾತಿಯವರಿದ್ದರು, ಒಬ್ಬ ಸಾಬರು ಹೇಗೆ ಆ ಬಳಗಕ್ಕೆ ಬಂದರು, ಪದದ ಕೊನೆಯ ಅಂಕಿತ ಹಾಡುಗಾರನನ್ನು ಗುರುವಿಗೆ ಹೇಗೆ ಕಟ್ಟಿಹಾಕುತ್ತದೆ ಎಂದೆಲ್ಲ ಟಿಪ್ಪಣಿ ಬರೆದೆ. ವಿಚಾರ ಸಂಕಿರಣಗಳಲ್ಲಿ ತತ್ವಪದ ಎಂಬುದು ಗುಡಿ ಮಸೀದಿಗಳ ಹೊರಗೆ, ಆಸ್ಥಾನದ ಹೊರಗೆ ಹುಟ್ಟಿದ ಪರ್ಯಾಯ ಸಂಗೀತ ಎಂದು ಪೇಪರ್ ಓದಿದೆ. ಕಮಲಾಪುರದಲ್ಲಿ ಅಮಾಸಿಗೊಮ್ಮೆ ಅದೇ ಪದ ಹಾಡುವವರ ನಡುವೆ ಮಾತ್ರ ಹೋಗಿ ಕೂಡಲಿಲ್ಲ. ಕ್ಷೇತ್ರಕಾರ್ಯಕ್ಕೆಂದು ಜೇವರ್ಗಿ ಸೀಮೆಗೆಲ್ಲ ಹೋಗಿ ಬಂದೆ. ನಮ್ಮ ಕಾಕಾನನ್ನು ಒಂದು ಪ್ರಶ್ನೆ ಕೇಳಲಿಲ್ಲ.

ಇತ್ತ ನಮ್ಮ ನಾಲ್ವರ ಬಳಗವೂ ಕರಗಿತ್ತು. ಗಿಟಾರಿನವನು ಪುಣೆಯಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಬಕೆಟ್ ಬಾರಿಸುತ್ತಿದ್ದವನು ಹೈದರಾಬಾದಿನಲ್ಲಿ. ಡೋಲಕಿನವನು ಮಾತ್ರ ಇಲ್ಲೇ, ಅವರಪ್ಪನ ದಾಲ್ ಮಿಲ್ ನೋಡಿಕೊಳ್ಳುತ್ತಿದ್ದಾನೆ. ಭೇಟಿಯಾದಾಗ ತೊಗರಿ ರೇಟು, ಅವನ ಮಗಳ ಶಾಲೆಯ ಅಡ್ಮಿಷನ್ನು ಮಾತಾಡುತ್ತೇವೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಬೇರೆ ಸದ್ದಿಲ್ಲ.

2023ರಲ್ಲಿ ಒಂದು ವಿಚಾರ ಸಂಕಿರಣಕ್ಕೆ ಬೆಂಗಳೂರಿಗೆ ಹೋದಾಗ, ನಾವು ಹುಡುಗರಿದ್ದಾಗ ಹುಚ್ಚಾಗಿ ಕೇಳುತ್ತಿದ್ದ ಒಂದು ತಂಡದ ಕಾರ್ಯಕ್ರಮಕ್ಕೆ ಟಿಕೆಟ್ ತೆಗೆದು ಹೋದೆ. ಜೀವನದಲ್ಲಿ ಮೊದಲ ಸಲ ಅವರನ್ನು ಎದುರಿಗೆ ನೋಡಿದ್ದು. ಸುತ್ತ ನಿಂತವರಲ್ಲಿ ಬಹಳ ಮಂದಿ ನನ್ನ ವಯಸ್ಸಿನವರು, ನನಗಿಂತ ದೊಡ್ಡವರು. ಕೆಲವರ ಹೆಗಲ ಮೇಲೆ ಮಕ್ಕಳು. ಹಳೆಯ ಹಾಡಿಗೆ ಎಲ್ಲರೂ ಕುಣಿದರು. ಹಾಡುಗಾರ ಈಗೊಂದು ಹೊಸ ಹಾಡು ಎಂದಾಗ ಜನ ಪಾಪ್‌ಕಾರ್ನ್ ತರಲು, ಬಾತ್‌ರೂಮಿಗೆ ಹೋಗಲು ಹೊರಟರು. ನಾನೂ ಫೋನ್ ತೆಗೆದು ರಾತ್ರಿಯ ಬಸ್ಸು ಎಷ್ಟೊತ್ತಿಗೆಂದು ನೋಡಿಕೊಂಡೆ. ವೇದಿಕೆಯ ಮೇಲಿನ ಮನುಷ್ಯ ಇನ್ನೂ ಬೆಳೆಯುತ್ತಿದ್ದ, ಹೊಸದೇನೋ ಹುಡುಕುತ್ತಿದ್ದ. ನಮಗೆ ಅವನು ಬೇಕಿರಲಿಲ್ಲ. ನಮಗೆ ನಮ್ಮ ಹದಿನೇಳನೇ ವರ್ಷ ಬೇಕಿತ್ತು, ಅದನ್ನು ಅವನು ಹಾಡಿಕೊಡಬೇಕಿತ್ತು.

ಇದು ನಮ್ಮೊಬ್ಬರ ಕಥೆಯಲ್ಲ ಎಂದು ಓದಿದವರಿಗೆ ಗೊತ್ತು. 1965ರ ಜುಲೈ 25ರಂದು ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದಾಗ ಅವನನ್ನು ಎತ್ತಿ ಮೆರೆಸಿದ ಜನರಲ್ಲೇ ಹಲವರು ಕೂಗಿ ಗಲಾಟೆ ಮಾಡಿದರು. ಆಗ ಡಿಲನ್‌ಗೆ ಇಪ್ಪತ್ತನಾಲ್ಕು. 2016ರಲ್ಲಿ ಅದೇ ಡಿಲನ್‌ಗೆ ಸಾಹಿತ್ಯದ ನೊಬೆಲ್ ಬಂದಿತು. ಅಷ್ಟು ದೂರ ಯಾಕೆ, ನಮ್ಮಲ್ಲೇ ನೋಡಿ. ಶರೀಫರು ಬದುಕಿದ್ದು 1819ರಿಂದ 1889. ನಮಗೆ ಇಂದು ಶರೀಫರ ಧಾಟಿ ಎಂದು ಕಿವಿಯಲ್ಲಿ ಕೂತಿರುವುದರಲ್ಲಿ ಬಹುಪಾಲು ಸಿ. ಅಶ್ವತ್ಥರು ಕಟ್ಟಿದ್ದು, 1990ರಲ್ಲಿ ಬಂದ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ ಅದನ್ನು ಮನೆಮನೆಗೆ ಮುಟ್ಟಿಸಿತು. ಕಾಕಾ ಸಣ್ಣವರಿದ್ದಾಗ ಹೇಳುತ್ತಿದ್ದದ್ದು ಅಮ್ಮನಿಗೆ ನೆನಪಿದೆ: ಭಜನೆಗೆ ಕೂತರೆ ಜನ ಕ್ಯಾಸೆಟ್ಟಿನ ಧಾಟಿಯಲ್ಲೇ ಹಾಡ್ರಿ ಅಂತಾರ, ನಮ್ಮ ಧಾಟಿ ಯಾರಿಗೂ ಬ್ಯಾಡಾಗ್ಯಾದ ಎಂದು. ಹಾಗೆ ನೋಡಿದರೆ ಕಾಕಾನ ಜಗಳ ಮೊದಲು ಕ್ಯಾಸೆಟ್ಟಿನ ಜೊತೆ ಇತ್ತು. ನನ್ನ ಜೊತೆಗಿನದು ಎರಡನೆಯದು.

ಇಷ್ಟೆಲ್ಲ ತಿಳಿದವನು ಮಾಡಿದ ಕೆಲಸ ಈಗ ಹೇಳಬೇಕು.

ಸೆಪ್ಟೆಂಬರಿನಲ್ಲಿ ಹಾಸ್ಟೆಲಿನ ವಾರ್ಷಿಕ ಸಂಜೆ. ಹಿರಿಯ ವಿದ್ಯಾರ್ಥಿ ಎಂದು ಕಾರ್ಯಕ್ರಮದ ಪಟ್ಟಿ ಮಾಡುವ ಜವಾಬ್ದಾರಿ ನನಗೆ ಬಂತು. ಹಾಡುವವರು ತಮ್ಮ ಹಾಡನ್ನು ರೆಕಾರ್ಡ್ ಮಾಡಿ ವಾಟ್ಸಾಪಿಗೆ ಕಳಿಸಬೇಕು. ಹದಿನಾಲ್ಕು ಬಂದವು. ಅದರಲ್ಲೊಂದು ಆ ಚಾರ್ಜರ್ ಹುಡುಗನದು. ರ್‍ಯಾಪ್. ಆಳಂದ ಕಡೆಯ ಹುಡುಗ. ಅವರ ಕೋಣೆಯಲ್ಲಿ ಚಂದನ್ ಶೆಟ್ಟಿ, ಆಲ್ ಓಕೆ ಎಲ್ಲ ಆಗಲೇ ಹಳಬರು. ಹನುಮಾನ್‌ಕೈಂಡ್ 2024ರಲ್ಲಿ 'ಬಿಗ್ ಡಾಗ್ಸ್' ಹಾಡಿ ಜಗತ್ತಿನ ತುಂಬ ಕೇಳಿಸಿಕೊಂಡದ್ದು ಅವರಿಗೆ ನಮಗೆ ಬಿಬಿಸಿ ವಿಡಿಯೋ ಇದ್ದಂತೆ. ನಾನು ಆ ಹುಡುಗನ ರೆಕಾರ್ಡಿಂಗ್ ನಲವತ್ತು ಸೆಕೆಂಡ್ ಕೇಳಿದೆ. ಡುಬುಡುಬು ಬೀಟು, ಅದರ ಮೇಲೆ ಕಲಬುರಗಿ ಕನ್ನಡದಲ್ಲಿ ಉಸಿರು ಬಿಡದೆ ಓಡುವ ಮಾತು. ಹೆಸರಿನ ಮುಂದೆ ಗೀಟು ಹಾಕಿದೆ.

ಮರುದಿನ ಅವನು ಬಂದು ಕೇಳಿದ. "ಸರ್, ನಂದು ಯಾಕ ತೆಗೆದ್ರಿ?"

"ಅದು ಹಾಡಲ್ಲಪ್ಪ, ಗದ್ಲ. ಉಸಿರಿಗೇ ಜಾಗ ಇಲ್ಲ ಅದ್ರಾಗ."

ಬಾಯಿಂದ ಮಾತು ಹೊರಬಿದ್ದ ಮೇಲೆ ಅದು ಯಾರ ಮಾತೆಂದು ತಿಳಿಯಿತು. ಹುಡುಗ ಏನೂ ಅನ್ನಲಿಲ್ಲ. "ಆಯ್ತ್ರಿ ಸರ್" ಎಂದು ಹೋದ. ಪಟ್ಟಿಯನ್ನು ಆಗಲೇ ಬೋರ್ಡಿಗೆ ಹಚ್ಚಿಯಾಗಿತ್ತು. ಅವತ್ತೇ ಕಿತ್ತು ತಿದ್ದಬಹುದಿತ್ತು. ಮಾಡಲಿಲ್ಲ. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹಟವಿತ್ತು. ಕಾರ್ಯಕ್ರಮ ಮುಗಿಯಿತು. ಅವನು ಪ್ರೇಕ್ಷಕರಲ್ಲಿ ಕೂಡ ಇರಲಿಲ್ಲ.

ಅದೇ ವಾರ ಅಮ್ಮ ಫೋನ್ ಮಾಡಿ, ಕಾಕಾಗೆ ಆರಾಮಿಲ್ಲ, ಬಂದು ಮಾತಾಡಿಸಿಕೊಂಡು ಹೋಗು, ನಾಳೆ ಅಮಾಸಿನೂ ಅದ ಎಂದಳು. ಸಂಜೆಯ ಬಸ್ಸು ಹಿಡಿದೆ. ಕಮಲಾಪುರದಲ್ಲಿ ಇಳಿದಾಗ ಹೆದ್ದಾರಿಯ ಬದಿಯಲ್ಲಿ ಬಾಳೆಹಣ್ಣಿನ ಬಂಡಿ. ಹಳದಿ ಹಣ್ಣೇ ಹೆಚ್ಚು. ಕೆಂಪು ಬಾಳೆ ಗೊನೆ ಬಿಟ್ಟು ಕೈಗೆ ಬರಲು ಉಳಿದ ಬಾಳೆಗಿಂತ ತಿಂಗಳುಗಟ್ಟಲೆ ಹೆಚ್ಚು ಕಾಯಬೇಕು, ನೀರೂ ಬೇಕು. ನಮ್ಮ ಹೊಲದಲ್ಲೂ ಕಾಕಾ ಈಗ ಒಂದು ಸಾಲು ಮಾತ್ರ ಇಟ್ಟುಕೊಂಡಿದ್ದಾರೆ.

ಕಾಕಾಗೆ ಎದೆಯಲ್ಲಿ ಕಫ ಕಟ್ಟುವ ಕಾಯಿಲೆ. ಡಾಕ್ಟರು ದನಿ ಎತ್ತಿ ಹಾಡಬೇಡಿ ಎಂದು ಹೇಳಿ ಎರಡು ವರ್ಷವಾಗಿತ್ತಂತೆ. ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಹಾಡದ ಕಾಕಾ ಅಮಾಸಿಯ ರಾತ್ರಿ ಮನೆಯಲ್ಲಿರುತ್ತಾರೆ ಎಂದುಕೊಂಡಿದ್ದೆ. ಊಟವಾದ ಮೇಲೆ ಅವರು ಟವೆಲ್ ಹೆಗಲಿಗೆ ಹಾಕಿ, ತಾಳದ ಜೋಡಿಯನ್ನು ಜೇಬಿಗಿಳಿಸಿ ಹೊರಟರು. "ಬರ್ತೀಯೇನು?" ಎಂದು ಕೇಳಲಿಲ್ಲ. ನಾನೇ ಚಪ್ಪಲಿ ಮೆಟ್ಟಿ ಹಿಂದೆ ನಡೆದೆ.

ಮಂಡಳಿಯಲ್ಲಿ ಮೊದಲು ಹದಿನಾರು ಹದಿನೇಳು ಜನರಿರುತ್ತಿದ್ದರು. ಅವತ್ತು ಒಂಬತ್ತು. ಮುಂದೆ, ಕಾಕಾ ಕೂಡುತ್ತಿದ್ದ ಜಾಗದಲ್ಲಿ, ಪ್ಯಾಂಟು ಟೀಶರ್ಟ್ ಹಾಕಿದ ಹತ್ತನೇ ಕ್ಲಾಸಿನ ಒಬ್ಬ ಹುಡುಗ. ಕಾಕಾ ಹಿಂದಿನ ಸಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತರು. ಪದ ಶುರುವಾಯಿತು. ಹುಡುಗನ ದನಿ ಚಲೋ ಇತ್ತು, ಆದರೆ ಒಂದೆರಡು ಕಡೆ ಹಾದಿ ತಪ್ಪಿದ. ಅವನು ತಪ್ಪಿದಾಗಲೆಲ್ಲ ಕಾಕಾನ ತಾಳ ಒಂದಿಷ್ಟು ಗಟ್ಟಿಯಾಗುತ್ತಿತ್ತು, ಹುಡುಗ ಹಾದಿಗೆ ಬರುತ್ತಿದ್ದ. ಅವನು ಒಂದು ನುಡಿ ಹೇಳಿ ನಿಲ್ಲಿಸುವನು, ಹಿಂದಿನವರು ಅದನ್ನೇ ಎತ್ತಿಕೊಂಡು ಹೇಳುವರು. ನಾನು ಅಷ್ಟು ವರ್ಷ ಆ ಪದಗಳನ್ನು ಪುಸ್ತಕದಲ್ಲಿ ಓದಿದ್ದೆ. ಪುಸ್ತಕದಲ್ಲಿ ಪಲ್ಲವಿ ಒಂದೇ ಸಲ ಇರುತ್ತದೆ. ಹಾಡುವವನು ಉಸಿರು ತೆಗೆದುಕೊಳ್ಳುವುದು ಹಿಂದಿನವರು ಹೇಳುವ ಹೊತ್ತಿನಲ್ಲಿ ಎಂಬುದು ಅವತ್ತು ಕಣ್ಣಿಗೆ ಬಿತ್ತು. ಹಿಮ್ಮೇಳವೆಂದರೆ ಇನ್ನೊಬ್ಬನ ಉಸಿರಿಗೆ ಮಾಡಿಕೊಟ್ಟ ಜಾಗ. ಹನ್ನೆರಡು ವರ್ಷದ ಹಿಂದೆ ಕಾಕಾ ಹೊಲದಲ್ಲಿ ಕೂತು ಕೇಳಿದ್ದು ಇದನ್ನೇ.

ಮಧ್ಯರಾತ್ರಿ ಚಹಾಕ್ಕೆ ನಿಲ್ಲಿಸಿದಾಗ ಹೊರಗೆ ಕಟ್ಟೆಯ ಮೇಲೆ ಕೂತು ಕೇಳಿದೆ. "ಹಿಂದ ಕೂಡ್ಲಿಕ್ಕೆ ಬ್ಯಾಸರಾಗಲಿಲ್ಲೇನ್ರಿ ಕಾಕಾ?"

"ಆಗಲ್ದೇನು? ಮೊದಲ ವರ್ಷ ಭಾಳ ಆಯ್ತು. ಈ ಹುಡುಗ ತಪ್ಪಿದಾಗೊಮ್ಮೆ ಒಳಗೇ ಖುಷಿ ಆಗ್ತಿತ್ತು ನೋಡು" ಎಂದು ನಕ್ಕರು. ಕೆಮ್ಮು ಬಂತು. ಸುಧಾರಿಸಿಕೊಂಡು ಹೇಳಿದರು: "ನಮ್ಮ ಗುರುಗೋಳೂ ಕಡೀಕ ತಾಳ ಹಿಡದೇ ಕೂತಿದ್ರು. ನಾ ಮುಂದ ಕೂತಾಗ ಅವರು ಹಿಂದಿದ್ರು. ಆಗ ನನಗೇನು ಗೊತ್ತು."

ನಾನು ಫೋನ್ ತೆಗೆದೆ. ಆ ಹುಡುಗನ ರೆಕಾರ್ಡಿಂಗ್ ಇನ್ನೂ ವಾಟ್ಸಾಪಿನಲ್ಲಿತ್ತು. ಏನೂ ಪೀಠಿಕೆ ಹಾಕದೆ ಹಚ್ಚಿದೆ. ನಾನೂ ಅದನ್ನು ಪೂರ್ತಿ ಕೇಳಿದ್ದು ಅವತ್ತೇ ಮೊದಲು. ತೊಗರಿ ಮಾರಲು ಹೋದ ಅಪ್ಪ, ತೂಕದ ಕಾಟಾ, ದಲಾಲಿ, ರಾಶಿಯ ಮೇಲೆ ಕೂತು ರೇಟು ಏರುತ್ತದೆಂದು ಕಾಯುವ ರಾತ್ರಿ. ಕೊನೆಯಲ್ಲಿ ತನ್ನ ಹೆಸರು ಹೇಳಿ ಮುಗಿಸುತ್ತಿದ್ದ. ಅಂಕಿತದ ಬಗ್ಗೆ ಮೂವತ್ತು ಪುಟ ಬರೆದ ನನಗೆ ಅದು ನಲವತ್ತು ಸೆಕೆಂಡಿನಲ್ಲಿ ಕೇಳಿಸಿರಲಿಲ್ಲ.

ಕಾಕಾ ತಲೆ ಬಗ್ಗಿಸಿ ಕೇಳಿದರು. "ಅರ್ಧ ತಿಳೀಲಿಲ್ಲ. ಹುಡುಗ ಭಾಳ ಲಗೂ ಓಡ್ತಾನ. ಆದ್ರ ಹರದೇಶಿ ನಾಗೇಶಿ ಇದ್ದಂಗ ಅದ. ಸವಾಲ್ ಹಾಕ್ಯಾನ." ಸ್ವಲ್ಪ ತಡೆದು ಕೇಳಿದರು. "ಇವನಿಗೆ ಜವಾಬ್ ಹೇಳೋರ್ಯಾರು?"

ಹರದೇಶಿ ನಾಗೇಶಿ ಹಾಡಿಕೆ ನೋಡಿದವರಿಗೆ ಈ ಮಾತು ಹೊಸದಲ್ಲ. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು ಮೇಳ, ರಾತ್ರಿಯಿಡೀ ಹಾಡಿನಲ್ಲೇ ಜಗಳ. ಒಬ್ಬರು ಸವಾಲು ಎಸೆದು ಕೂತರೆ ಎದುರಿನವರು ಅಲ್ಲೇ ಜವಾಬು ಕಟ್ಟಬೇಕು. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಡಿಜೆ ಕೂಲ್ ಹರ್ಕ್ ಮಾಡಿದ ಒಂದು ಪಾರ್ಟಿಯಿಂದ ಹಿಪ್‌ಹಾಪ್ ಹುಟ್ಟಿತೆನ್ನುತ್ತಾರೆ. ಅಲ್ಲಿಯೂ ಎದುರುಬದುರು ನಿಂತು ಮಾತಿನಲ್ಲಿ ಕಾದಾಡುವ ಪದ್ಧತಿ ಬೆಳೆಯಿತು. ಅಲ್ಲಿಯೂ ಮುಂದಿನವನ ಸಾಲಿನ ಕೊನೆಯ ಪದವನ್ನು ಎತ್ತಿಕೊಂಡು ಹೇಳುವ ಇನ್ನೊಬ್ಬ ಇರುತ್ತಾನೆ, ಅವನ ಹೊತ್ತಿನಲ್ಲಿ ಇವನಿಗೆ ಉಸಿರು ಸಿಗುತ್ತದೆ. ಎರಡೂ ಒಂದೇ ಎಂದು ಹೇಳುವಷ್ಟು ಧೈರ್ಯ ಸಂಶೋಧಕನಾದ ನನಗಿಲ್ಲ. ಆದರೆ ಕಾಕಾನ ಪ್ರಶ್ನೆ ತಲೆಯಲ್ಲಿ ಉಳಿಯಿತು. ಆ ಹುಡುಗ ತನ್ನ ಕೋಣೆಯಲ್ಲಿ ಒಬ್ಬನೇ ಕೂತು ರೆಕಾರ್ಡ್ ಮಾಡಿದ್ದ. ಹಿಂದೆ ಯಾರೂ ಇರಲಿಲ್ಲ. ಅವನಿಗೆ ಉಸಿರಿಗೆ ಜಾಗವಿಲ್ಲದ್ದು ಅದಕ್ಕೇ.

ನಮ್ಮ ಹುಮನಾಬಾದ ಬೇಸಿನ ಕೋಣೆಗೂ ಇದೇ ಕೊರತೆ ಇತ್ತೆಂದು ಈಗ ಅನಿಸುತ್ತದೆ. ನಮಗೆ ಮುಂದೆ ನಿಲ್ಲುವುದು ಗೊತ್ತಿತ್ತು, ಕೆಳಗೆ ನಿಂತು ಕೂಗುವುದು ಗೊತ್ತಿತ್ತು. ಇವೆರಡರ ನಡುವೆ ವಯಸ್ಸಾದವನೊಬ್ಬ ಕೂತು ಕೆಲಸಕ್ಕೆ ಬರುವಂಥ ಜಾಗ ಇರುತ್ತದೆಂದು ಗೊತ್ತಿರಲಿಲ್ಲ. ಅದಕ್ಕೇ ಇಪ್ಪತ್ತೈದು ದಾಟುತ್ತಲೇ ಒಬ್ಬೊಬ್ಬರೇ ಎದ್ದು ಹೋದೆವು. ಉಳಿದ ನಾನು ಪಟ್ಟಿ ಮಾಡುವವನಾದೆ.

ಹಾಸ್ಟೆಲಿಗೆ ಮರಳಿದ ಮೇಲೆ ಅವನ ಕೋಣೆಗೆ ಹೋಗಿ ತಪ್ಪಾಯಿತು ಎಂದೆ. ಪೂರ್ತಿ ಕೇಳದೆ ತೆಗೆದೆ ಎಂದೂ ಹೇಳಿದೆ. "ಇರ್ಲಿ ಬಿಡ್ರಿ ಸರ್" ಎಂದ. ಅವನ ಮುಖ ಇರಲಿ ಎನ್ನುತ್ತಿರಲಿಲ್ಲ. ಅದು ಅವನ ಹಕ್ಕು. ನಾನು ಕಾಕಾಗೆ ಹನ್ನೆರಡು ವರ್ಷ ತೆಗೆದುಕೊಂಡಿದ್ದೆ.

ಇಪ್ಪತ್ತು ದಿನವಾದ ಮೇಲೆ ಅವನೇ ಬಂದ. ಒಂದು ಹೊಸ ಹಾಡು ಕಟ್ಟುತ್ತಿದ್ದನಂತೆ, ಮೊಹರಂ ಪದದಲ್ಲಿ ಬರುವ ಒಂದು ಹಳೆಯ ಮಾತಿನ ಅರ್ಥ ಬೇಕಿತ್ತು. ಹೇಳಿದೆ. ರಾತ್ರಿ ಮಾಳಿಗೆಗೆ ಬರ್ರಿ ಎಂದ. ಹೋದೆ. ಇನ್ನೂ ಮೂವರು ಹುಡುಗರಿದ್ದರು. ನೀರಿನ ಟಾಕಿಯ ಕಟ್ಟೆಯ ಮೇಲೆ ಫೋನಿಟ್ಟು ಬೀಟು ಹಚ್ಚಿದರು. ಕೆಳಗೆ ಕಲಬುರಗಿಯ ದೀಪಗಳು, ದೂರದಲ್ಲಿ ಯಾವುದೋ ಮೆರವಣಿಗೆಯ ಡಿಜೆ. ನನಗೆ ಆ ಬೀಟು ಇವತ್ತಿಗೂ ಇಷ್ಟವಿಲ್ಲ, ಸುಳ್ಳು ಹೇಳಲಾರೆ. ಒಬ್ಬನೇ ಇರುವಾಗ ನಾನು ಕೇಳುವುದು 2008ರ ಆ ಆಲ್ಬಮ್ಮನ್ನೇ. ಆದರೆ ಹುಡುಗ ಓಡುತ್ತ ಓಡುತ್ತ ಒಂದು ಸಾಲಿನ ಕೊನೆಗೆ ಬಂದು ಉಸಿರು ಸಾಲದೆ ತಡವರಿಸಿದ್ದು ಕಿವಿಗೆ ಬಿತ್ತು.

"ಕೊನೇ ಎರಡು ಮಾತು ನಾವು ಹೇಳ್ತೀವಿ, ನೀ ಅಲ್ಲಿ ನಿಂದ್ರು" ಎಂದೆ.

ಅವನು ಅನುಮಾನದಿಂದ ನೋಡಿ ಮತ್ತೆ ಮೊದಲಿಂದ ಶುರುಮಾಡಿದ. ಸಾಲು ಮುಗಿಯಿತು, ಅವನು ನಿಂತ, ಹುಡುಗರು ಎತ್ತಿಕೊಂಡರು. ನಾನು ಎತ್ತಿಕೊಳ್ಳುವಷ್ಟರಲ್ಲಿ ಬೀಟು ಮುಂದೆ ಹೋಗಿತ್ತು. ಎರಡನೇ ಸಲವೂ ಹಾಗೇ ಆಯಿತು. ಹುಡುಗ ಫೋನ್ ನಿಲ್ಲಿಸಿದ.

"ಸರ್, ನೀವು ತಡಾ ಮಾಡಿ ಬರ್ಲತ್ತೀರಿ. ತಾಳ ಕೇಳ್ರಿ" ಎಂದ.

ಆಯಿತೆಂದು ತಲೆಯಾಡಿಸಿದೆ. ಅವನು ಮತ್ತೆ ಬೀಟು ಹಚ್ಚಿದ. ನಾನು ತೊಡೆಯ ಮೇಲೆ ಬೆರಳಿಟ್ಟು ಎಣಿಸತೊಡಗಿದೆ.